ಓದುಗರ ಪ್ರಶ್ನೆ: ಬರದ ನಾಡಿನ ಮಗುವಿಗೆ ಏನು ಕಳಿಸೋಣ?

ಹೋದ ತಿಂಗಳ ಅಂಕಣದ ಕೊನೆಗೆ ಸೊಮಾಲಿಯಾದ ಬರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 2011ರ ಕೊನೆಯಿಂದ ಏಳು ತಿಂಗಳು ಇಥಿಯೋಪಿಯಾ ಗಡಿಯ ದೊಲ್ಲೊ ಅದೊ ಎಂಬಲ್ಲಿ, ಸೊಮಾಲಿಯಾದಿಂದ ನಡೆದು ಬಂದವರ ಶಿಬಿರದಲ್ಲಿ ಮಕ್ಕಳ ಡಾಕ್ಟರಾಗಿದ್ದೆ, ಆ ಮಕ್ಕಳ ಮುಖ ಇನ್ನೂ ಮರೆತಿಲ್ಲ ಅಂತ ಅಷ್ಟೇ ಬರೆದದ್ದು. ಅದಕ್ಕೆ ಇಷ್ಟು ಪತ್ರ ಬರುತ್ತೆ ಅಂದುಕೊಂಡಿರಲಿಲ್ಲ. ಈ ಸಲ ಶೀತ, ಕೆಮ್ಮು, ಅಲರ್ಜಿಯ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಪೂರ್ತಿ ಜಾಗವನ್ನು ಇವಕ್ಕೇ ಕೊಡುತ್ತಿದ್ದೇನೆ. ಆ ಓದುಗರು ಕ್ಷಮಿಸಬೇಕು.

ನಮ್ಮ ತಂದೆ ಮಿಲಿಟರಿಯಲ್ಲಿದ್ದವರು. 1993-94ರಲ್ಲಿ ವಿಶ್ವಸಂಸ್ಥೆಯ ಪಡೆಯ ಜೊತೆ ಸೊಮಾಲಿಯಾದ ಬೈಡೋವಾದಲ್ಲಿ ಇದ್ದರು. ಈಗ ಟಿ.ವಿ.ಯಲ್ಲಿ ಅಲ್ಲಿನ ಬರದ ಸುದ್ದಿ ಬಂದರೆ ಎದ್ದು ಹೊರಗೆ ಹೋಗಿಬಿಡುತ್ತಾರೆ. "ಮೂವತ್ತು ವರ್ಷ ಆಯ್ತು, ಇನ್ನೂ ಅದೇ" ಅಂತಾರೆ. ಒಂದೇ ದೇಶಕ್ಕೆ ಯಾಕೆ ಮತ್ತೆ ಮತ್ತೆ ಹೀಗಾಗುತ್ತೆ ಡಾಕ್ಟ್ರೇ?
- ಓದುಗರು, ಗೋಣಿಕೊಪ್ಪ

ಮೊದಲು ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ನನ್ನ ಶಿಬಿರಕ್ಕೆ ಬರುತ್ತಿದ್ದ ತಾಯಂದಿರಲ್ಲಿ ಬೈಡೋವಾ ಕಡೆಯವರೇ ಜಾಸ್ತಿ. ನಮ್ಮ ಸೇನೆಯ ಒಂದು ಬ್ರಿಗೇಡ್ ಅಲ್ಲಿತ್ತು, 1994ರ ಆಗಸ್ಟ್ ಕೊನೆಯಲ್ಲಿ ನಮ್ಮ ಮೂವರು ಸೇನಾ ವೈದ್ಯರು ಅಲ್ಲೇ ದಾಳಿಗೆ ಬಲಿಯಾದರು. ಇದು ನಮ್ಮ ಜಿಲ್ಲೆಯಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಮ ತಂದೆಗೆ 'ಬಿಯೊ' ಅನ್ನುವ ಪದ ನೆನಪಿದೆಯಾ ಕೇಳಿ ನೋಡಿ. ಸೊಮಾಲಿ ಭಾಷೆಯಲ್ಲಿ ನೀರು ಅಂತ. ನಾನು ಅಲ್ಲಿ ಕಲಿತ ಮೊದಲ ಪದ ಅದೇ.

ಈಗ ನಿಮ್ಮ ಪ್ರಶ್ನೆ. ಕೊಡಗಿನವರಿಗೆ ಇದನ್ನು ಹೂಮಳೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ, ಬಂದರೂ ಹಿಂದಿನಿಂದ ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ, ಬರದಿದ್ದರೆ ಆ ವರ್ಷದ ಕಾಫಿ ಹೋಯಿತು ಅಂತಲೇ ಲೆಕ್ಕ. ಸೊಮಾಲಿಯಾದಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಏಪ್ರಿಲ್‌ನಿಂದ ಜೂನ್‌ವರೆಗೆ ಒಂದು, ಅದು 'ಗು'. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು, ಅದು 'ದೇರ್'. ಒಂದು ತಪ್ಪಿದರೆ ಹೇಗೋ ತಡೆದುಕೊಳ್ಳುತ್ತಾರೆ. 2020ರ ಕೊನೆಯಿಂದ 2022ರ ಕೊನೆಯವರೆಗೆ ಸತತ ಐದು ಮಳೆಗಾಲ ಕೈಕೊಟ್ಟವು. ಐದು! ನಮ್ಮಲ್ಲಿ ಮಳೆ ಕೈಕೊಟ್ಟರೆ ಹೊಳೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕುತ್ತೇವೆ, ಬ್ಯಾಂಕಿಗೆ ಹೋಗುತ್ತೇವೆ, ಕರಿಮೆಣಸು ಮಾರುತ್ತೇವೆ. ಅಲ್ಲಿನ ಕುಟುಂಬಕ್ಕೆ ಬ್ಯಾಂಕೂ ಅದೇ, ಫ್ರಿಜ್ಜೂ ಅದೇ, ಅಂದರೆ ಆಡು ಮತ್ತು ಒಂಟೆ. ಮಳೆ ಇಲ್ಲದಿದ್ದರೆ ಮೇವಿಲ್ಲ, ಮೇವಿಲ್ಲದಿದ್ದರೆ ಮೊದಲು ಹಾಲು ಬತ್ತುತ್ತದೆ. ಆಡು, ಒಂಟೆ ಮೇಯಿಸುವವರ ಮನೆಯ ಚಿಕ್ಕ ಮಗುವಿಗೆ ಹಾಲೇ ಮುಖ್ಯ ಆಹಾರ. ಆಮೇಲೆ ಅಪ್ಪ ಆಡನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಾನೆ, ಅಲ್ಲಿ ಎಲ್ಲರೂ ಬಡಕಲು ಆಡನ್ನೇ ತಂದಿರುತ್ತಾರೆ, ಕೊಳ್ಳುವವರಿಲ್ಲ, ಜೋಳದ ಬೆಲೆ ಮಾತ್ರ ಆಕಾಶದಲ್ಲಿ. ಮೊದಲು ಒಂದು ಆಡಿಗೆ ಒಂದು ಚೀಲ ಜೋಳ ಸಿಗುತ್ತಿತ್ತು, ಈಗ ಸೇರು ಲೆಕ್ಕದಲ್ಲಿ ಅಂತ ಒಬ್ಬ ಮುದುಕ ನನಗೆ ಬೆರಳಲ್ಲಿ ಎಣಿಸಿ ತೋರಿಸಿದ್ದರು. ಕೊನೆಗೆ ಮನೆಮಂದಿ ಎದ್ದು ನಡೆಯಲು ಶುರು ಮಾಡುತ್ತಾರೆ.

ಇದರ ಮೇಲೆ ಜಗಳ, ಬಂದೂಕು. 1991ರಲ್ಲಿ ಸರ್ಕಾರ ಬಿದ್ದ ಮೇಲೆ ಆ ದೇಶ ನೆಟ್ಟಗೆ ನಿಂತೇ ಇಲ್ಲ. 2010ರ ಆರಂಭದಲ್ಲಿ ಬೆದರಿಕೆ ತಾಳಲಾರದೆ ವಿಶ್ವ ಆಹಾರ ಕಾರ್ಯಕ್ರಮವೇ ದಕ್ಷಿಣದ ಬಹುಭಾಗದಿಂದ ಹಿಂದೆ ಸರಿಯಿತು. ಮಳೆ ಹೋಗುತ್ತಿದೆ ಅಂತ ಆ ವರ್ಷವೇ ಎಚ್ಚರಿಕೆ ಬಂದಿತ್ತು. ದುಡ್ಡು ಬರಲಿಲ್ಲ. 2011ರ ಜುಲೈ 20ರಂದು ವಿಶ್ವಸಂಸ್ಥೆ 'ಕ್ಷಾಮ' ಅಂತ ಘೋಷಿಸಿತು, ಆಗ ಜಗತ್ತಿಗೆ ಎಚ್ಚರವಾಯಿತು. ಆ ಬರದಲ್ಲಿ ಸುಮಾರು 2,58,000 ಜನ ಸತ್ತರು ಅಂತ ಆಮೇಲಿನ ಲೆಕ್ಕ, ಅದರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ನನ್ನನ್ನು ಈಗಲೂ ಕಾಡುವ ವಿಷಯ ಯಾವುದು ಗೊತ್ತಾ, ಸತ್ತವರಲ್ಲಿ ಅರ್ಧದಷ್ಟು ಜನ ಆ ಘೋಷಣೆಗೆ ಮೊದಲೇ ಸತ್ತಿದ್ದರು. ನಾನು ಮಾತ್ರೆ, ಸ್ಟೆತಾಸ್ಕೋಪು ಹಿಡಿದುಕೊಂಡು ವಿಮಾನ ಹತ್ತುವಾಗ ಅವರ ಮಣ್ಣು ಮುಗಿದಿತ್ತು.

ಆದರೆ 'ಇನ್ನೂ ಅದೇ' ಅನ್ನುವುದು ಪೂರ್ತಿ ಸರಿಯಲ್ಲ ಅಂತ ನಿಮ್ಮ ತಂದೆಗೆ ಹೇಳಿ. 2017ರಲ್ಲಿ ಅಷ್ಟೇ ಕೆಟ್ಟ ಬರ ಬಂತು. ಆ ಸಲ ಮೊದಲೇ ದುಡ್ಡು ಹೋಯಿತು, ಮೊಬೈಲ್ ಮೂಲಕ ನೇರ ಕುಟುಂಬಗಳ ಕೈಗೆ ಹೋಯಿತು, ಕ್ಷಾಮ ತಪ್ಪಿತು. 2022ರಲ್ಲೂ ಕಡೇ ಗಳಿಗೆಯಲ್ಲಿ ತಪ್ಪಿತು, ಆದರೂ ಆ ಒಂದು ವರ್ಷದಲ್ಲಿ ಸುಮಾರು 43,000 ಹೆಚ್ಚುವರಿ ಸಾವು ಆಗಿರಬಹುದು ಅಂತ ಅಂದಾಜು ಇದೆ. ಅದೂ ಕಡಿಮೆ ಅಲ್ಲ. ಆದರೆ 2011ರ ಪಕ್ಕ ಇಟ್ಟು ನೋಡಿ. ಮೊದಲೇ ಕೈ ಚಾಚಿದರೆ ಜೀವ ಉಳಿಯುತ್ತೆ, ಇದಕ್ಕೆ ಲೆಕ್ಕ ಇದೆ.

ಹಸಿದು ಬಸವಳಿದವರಿಗೆ ಹೊಟ್ಟೆ ತುಂಬ ಊಟ ಹಾಕಬಾರದು, ಹಾಕಿದರೆ ಜೀವ ಹೋಗುತ್ತೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ನಿಜವಾ? ಹಸಿದ ಮಗುವಿಗೆ ಊಟ ಕೊಡಬಾರದು ಅಂದರೆ ಇನ್ನೇನು ಕೊಡೋದು?
- ಓದುಗರು, ನಾಪೋಕ್ಲು

ನಿಮ್ಮ ಅಜ್ಜಿ ಹೇಳಿದ್ದು ಸರಿ. ಬಹುಶಃ ಅವರ ಹಿರಿಯರು 1876-78ರ ಧಾತು-ಈಶ್ವರ ಬರದ ಮಾತು ಹೇಳಿದ್ದಿರಬೇಕು. ಆ ಮಾತಿನ ಹಿಂದೆ ಎಷ್ಟು ಜನರ ಸಾವಿದೆಯೋ.

ವಾರಗಟ್ಟಲೆ ಸರಿಯಾಗಿ ತಿನ್ನದ ಮಗುವಿನ ಮೈ ತನ್ನ ಕೆಲಸವನ್ನೆಲ್ಲ ಕಡಿಮೆ ಮಾಡಿಕೊಂಡಿರುತ್ತದೆ. ಹೃದಯ ಮೆಲ್ಲಗೆ, ಕರುಳು ತೆಳ್ಳಗೆ, ಮೂತ್ರಪಿಂಡ ಅರೆಬರೆ. ಒಮ್ಮೆಲೇ ಅನ್ನ ಬಿದ್ದರೆ ರಕ್ತದಲ್ಲಿರುವ ಪೊಟ್ಯಾಸಿಯಂ, ರಂಜಕ ಎಲ್ಲ ಜೀವಕೋಶದೊಳಗೆ ನುಗ್ಗಿ ರಕ್ತದಲ್ಲಿ ಕಡಿಮೆಯಾಗಿಬಿಡುತ್ತವೆ, ಹೃದಯ ತಡೆಯುವುದಿಲ್ಲ. ಅದಕ್ಕೇ ತುಂಬಾ ಕೆಟ್ಟ ಸ್ಥಿತಿಯ ಮಗುವಿಗೆ ಮೊದಲ ಕೆಲವು ದಿನ ಎಫ್-75 ಅನ್ನುವ ತೆಳು ಹಾಲು. ನೂರು ಮಿಲಿಗೆ 75 ಕ್ಯಾಲೊರಿ, ಅದಕ್ಕೇ ಆ ಹೆಸರು. ಎರಡು-ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ರಾತ್ರಿಯೂ ಎಬ್ಬಿಸಿ ಕೊಡಬೇಕು. ಜ್ವರ ಇಲ್ಲದಿದ್ದರೂ ಆಂಟಿಬಯಾಟಿಕ್ ಕೊಡುತ್ತೇವೆ, ಯಾಕೆಂದರೆ ಆ ಮೈಗೆ ಜ್ವರ ಬರಿಸುವಷ್ಟೂ ಶಕ್ತಿ ಇರುವುದಿಲ್ಲ. ಮೈ ಬೆಚ್ಚಗಿಡಬೇಕು. ಅಷ್ಟು ಬಿಸಿಲಿನ ನಾಡಿನಲ್ಲಿ ಬೆಳಗಿನ ಜಾವ ಮಕ್ಕಳು ಚಳಿಗೆ ತಣ್ಣಗಾಗುತ್ತಿದ್ದವು, ತಾಯಿಯ ಎದೆಗೆ ಅವಚಿ ಕಂಬಳಿ ಸುತ್ತುತ್ತಿದ್ದೆವು. ಊತ ಇಳಿದು, ಹಸಿವು ಮರಳಿದ ಮೇಲೆಯೇ ಗಟ್ಟಿ ಆಹಾರ.

ಇನ್ನೊಂದು ಮಾತು, ಇದು ನಮ್ಮ ಊರಿಗೂ ಅನ್ವಯಿಸುತ್ತೆ. "ಮಗು ಸುಸ್ತಾಗಿದೆ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ಡಾಕ್ಟ್ರೇ" ಅಂತ ಕೇಳುವವರು ದಿನಾ ಸಿಗುತ್ತಾರೆ. ಹೀಗೆ ಬತ್ತಿದ ಮಗುವಿಗೆ ಬಾಟ್ಲಿ ನೀರು ಒಮ್ಮೆಲೇ ರಕ್ತಕ್ಕೆ ಹೋದರೆ ಆ ಹೃದಯ ಸೋಲುತ್ತದೆ. ಭೇದಿ ಆಗಿದ್ದರೂ ಮಾಮೂಲಿ ಒಆರ್‌ಎಸ್ ಬದಲು ಉಪ್ಪು ಕಡಿಮೆ ಇರುವ ಬೇರೆ ದ್ರಾವಣವನ್ನು ಬಾಯಲ್ಲೇ, ಚಮಚದಲ್ಲೇ ಕೊಡುತ್ತೇವೆ. ಒಂದು ಚಮಚ, ಸ್ವಲ್ಪ ಹೊತ್ತು ಕಾಯುವುದು, ಇನ್ನೊಂದು ಚಮಚ. ಇಡೀ ರಾತ್ರಿ ಹಾಗೆ ಕೂತ ತಾಯಂದಿರನ್ನು ನೋಡಿದ್ದೇನೆ, ಅವರು ನಮಗಿಂತ ದೊಡ್ಡ ಡಾಕ್ಟರುಗಳು.

ಕಡಲೆಕಾಯಿಯ ಪೇಸ್ಟ್ ಪ್ಯಾಕೆಟ್ ಕೊಟ್ಟು ಮಕ್ಕಳನ್ನು ಉಳಿಸುತ್ತಾರಂತೆ. ಅದು ಔಷಧಿಯಾ, ತಿಂಡಿಯಾ? ನಾವೇ ಕಡಲೆಕಾಯಿ ಬೆಲ್ಲ ರುಬ್ಬಿ ಮಾಡಬಹುದಲ್ವಾ? ನಮ್ಮ ಶಾಲೆಯ ಸಣಕಲು ಮಕ್ಕಳಿಗೆ ಕೊಡಬಹುದಾ?
- ಶಾಲಾ ಶಿಕ್ಷಕಿ, ಪೊನ್ನಂಪೇಟೆ

ಟೀಚರ್, ಈ ಪ್ಯಾಕೆಟ್ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಅಷ್ಟು ಸಣ್ಣ ವಸ್ತು ಅಷ್ಟು ದೊಡ್ಡ ಕೆಲಸ ಮಾಡುವುದನ್ನು ನನ್ನ ನೌಕರಿಯಲ್ಲಿ ಇನ್ನೆಲ್ಲೂ ನೋಡಿಲ್ಲ.

ಅಂಗೈ ಅಗಲದ ಪ್ಯಾಕೆಟ್, ಒಳಗೆ 92 ಗ್ರಾಂ ಪೇಸ್ಟ್. ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ, ಜೊತೆಗೆ ವಿಟಮಿನ್ನು, ಖನಿಜಾಂಶ. ಒಂದರಲ್ಲಿ 500 ಕ್ಯಾಲೊರಿ. ಫ್ರಾನ್ಸ್‌ನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ ಅವರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಅದಕ್ಕಿಂತ ಮೊದಲು ಹಾಲಿನ ಪುಡಿಯ ಮಿಶ್ರಣವೇ ಗತಿ. ಹಾಲಿನ ಪುಡಿಗೆ ನೀರು ಬೇಕು, ಬರದ ಊರಿನಲ್ಲಿ ಒಳ್ಳೆ ನೀರು ಎಲ್ಲಿಂದ ಬರಬೇಕು? ಹಾಗಾಗಿ ಮಗುವನ್ನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇಡಬೇಕಿತ್ತು, ಅಲ್ಲಿ ಒಂದು ಮಗುವಿನ ಭೇದಿ ಇನ್ನೊಂದಕ್ಕೆ. ಮನೆಯಲ್ಲಿ ಬೇರೆ ಮಕ್ಕಳಿರುವ ತಾಯಿ ಅಷ್ಟು ದಿನ ಹೇಗೆ ನಿಲ್ಲುತ್ತಾಳೆ? ಈ ಪೇಸ್ಟ್‌ಗೆ ನೀರು ಬೇಡ, ಬೆಂಕಿ ಬೇಡ, ಫ್ರಿಜ್ ಬೇಡ. ಒಳಗೆ ನೀರಿನಂಶ ಇಲ್ಲದ್ದರಿಂದ ರೋಗಾಣು ಬೆಳೆಯುವುದಿಲ್ಲ, ಎರಡು ವರ್ಷ ಕೆಡುವುದಿಲ್ಲ. ತುದಿ ಹರಿದು ಮಗು ನೇರ ಚೀಪಬಹುದು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಸೇರಿ ಹೇಳಿಬಿಟ್ಟರು: ಬೇರೆ ಕಾಯಿಲೆ ಇಲ್ಲದ, ತಿನ್ನಲು ಶಕ್ತಿ ಇರುವ ಮಗುವಿಗೆ ಆಸ್ಪತ್ರೆ ಬೇಡ, ಮನೆಯಲ್ಲೇ ಇದನ್ನು ಕೊಡಿ.

'ತಿನ್ನಲು ಶಕ್ತಿ ಇರುವ' ಅಂದೆ. ಅದಕ್ಕೊಂದು ಪರೀಕ್ಷೆ ಇದೆ. ಒಂದು ಹುಡುಗಿ ನೆನಪಾಗುತ್ತಾಳೆ, ಎರಡು ವರ್ಷ ಇದ್ದಿರಬೇಕು, ತಾಯಿಯ ಕೆಂಪು ಮುಸುಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಪ್ಯಾಕೆಟ್ ಮೂಲೆ ಹರಿದು ತಾಯಿಯ ಕೈಗೆ ಕೊಟ್ಟೆವು. ಅವಳು ಬೆರಳಿಗೆ ಸ್ವಲ್ಪ ಹಚ್ಚಿ ಮಗುವಿನ ತುಟಿಗೆ ಸವರಿದಳು. ಮಗು ಮುಖ ತಿರುಗಿಸಿತು. ಮತ್ತೆ ಸವರಿದಳು. ಆಮೇಲೆ ನಾಲಿಗೆ ಹೊರಗೆ ಬಂತು, ಒಂದು ಸಲ ನೆಕ್ಕಿತು, ಸುಮ್ಮನಾಯಿತು, ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಮುಷ್ಟಿ ಮೆಲ್ಲಗೆ ಬಿಚ್ಚಿತು. ಮುಸುಕು ಬಿಟ್ಟು ಆ ಕೈ ಪ್ಯಾಕೆಟ್ಟನ್ನು ಹಿಡಿಯಿತು. ಅಷ್ಟೇ, ಪಾಸ್! ಅವಳಿಗೆ ವಾರಕ್ಕೆ ಬೇಕಾಗುವಷ್ಟು ಪ್ಯಾಕೆಟ್ ಎಣಿಸಿ ಕೊಟ್ಟು ಕಳಿಸಿದೆವು. ಮುಂದಿನ ವಾರ ಖಾಲಿ ಪ್ಯಾಕೆಟ್ ವಾಪಸ್ ತರಬೇಕು, ತೂಕ ನೋಡಬೇಕು, ಮತ್ತೆ ಕೊಡಬೇಕು. ಹೀಗೆ ಆರರಿಂದ ಎಂಟು ವಾರ. ಒಂದು ಪೆಟ್ಟಿಗೆಯಲ್ಲಿ 150 ಪ್ಯಾಕೆಟ್, ಸುಮಾರಾಗಿ ಒಂದು ಮಗು ಚೇತರಿಸಿಕೊಳ್ಳಲು ಅಷ್ಟು ಸಾಕು.

ಮನೆಯಲ್ಲಿ ಮಾಡಬಹುದಾ ಅಂದರೆ, ಕಡಲೆಕಾಯಿ ಬೆಲ್ಲದ ಉಂಡೆ ಖಂಡಿತ ಮಾಡಿ, ಒಳ್ಳೆಯದೇ. ಆದರೆ ಅದು ಇದಲ್ಲ. ಇದರಲ್ಲಿ ಪೊಟ್ಯಾಸಿಯಂ, ಸತು, ವಿಟಮಿನ್ ಎ ಎಲ್ಲ ಅಳತೆ ಹಾಕಿ ಸೇರಿಸಿರುತ್ತಾರೆ, ಕಡಲೆಕಾಯಿಯ ಬೂಸ್ಟಿನ ವಿಷ ಇದೆಯಾ ಅಂತ ಪರೀಕ್ಷೆ ಮಾಡಿರುತ್ತಾರೆ. ನಿಮ್ಮ ಶಾಲೆಯ ಸಣಕಲು ಮಕ್ಕಳಿಗೆ ಇದು ಬೇಡ, ಇದು ಚಿಕಿತ್ಸೆ. ಅವರಿಗೆ ಬೇಕಾದದ್ದು ಮೊಟ್ಟೆ, ಹಾಲು, ಬೇಳೆ, ಸೊಪ್ಪು, ಹುಳದ ಮಾತ್ರೆ. ನಮ್ಮ ದೇಶದಲ್ಲಿ ಈ ಪ್ಯಾಕೆಟ್ ಬಗ್ಗೆ ವಾದವೂ ಇದೆ. ಮನೆ ಊಟದ ಜಾಗಕ್ಕೆ ಕಂಪನಿ ಪ್ಯಾಕೆಟ್ ಬಂದು ಕೂತರೆ ಹೇಗೆ ಅಂತ. ಆ ಆತಂಕ ನನಗೂ ಇದೆ. ಮನೆಯಲ್ಲಿ ಒಲೆ ಉರಿಯುವ ಕಡೆ ಮನೆ ಊಟವೇ ಸರಿ. ಒಲೆಯೇ ಇಲ್ಲದ ಕಡೆ ಈ ವಾದಕ್ಕೆ ಜಾಗ ಇಲ್ಲ.

ನಮ್ಮ ಯುವಕ ಸಂಘದಿಂದ ಬರಪೀಡಿತ ದೇಶದ ಮಕ್ಕಳಿಗೆ ಅಕ್ಕಿ, ಹಳೆ ಬಟ್ಟೆ, ಹಾಲಿನ ಪುಡಿ ಡಬ್ಬ ಸಂಗ್ರಹಿಸಬೇಕು ಅಂತಿದ್ದೇವೆ. ಹೇಗೆ ಕಳಿಸೋದು, ಯಾರನ್ನು ಕೇಳೋದು ಹೇಳಿ ಸಾರ್.
- ಯುವಕ ಸಂಘದ ಪದಾಧಿಕಾರಿ, ಸೋಮವಾರಪೇಟೆ

ನಿಮ್ಮ ಮನಸ್ಸು ದೊಡ್ಡದು, ಅದಕ್ಕೆ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ವಸ್ತು ಬೇಡ.

2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಜನ ಉಟ್ಟ ಬಟ್ಟೆಯಲ್ಲಿ ಬಂದರು. ನಾನು ಆ ದಿನಗಳಲ್ಲಿ ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿದ್ದೆ. ಎಲ್ಲೆಲ್ಲಿಂದಲೋ ಲಾರಿ ಬಂದವು, ಇಡೀ ರಾಜ್ಯ ನಮ್ಮ ಜೊತೆ ನಿಂತಿತ್ತು, ಅದನ್ನು ಮರೆಯುವ ಹಾಗಿಲ್ಲ. ಆದರೆ ಒಂದು ಕೋಣೆ ತುಂಬ ಹಳೆ ಬಟ್ಟೆ, ಜರಿ ಸೀರೆ, ಬಟನ್ ಇಲ್ಲದ ಶರ್ಟು, ಮಳೆಗೆ ನೆನೆದು ಮುಗ್ಗಲು ವಾಸನೆ. ಅದನ್ನು ವಿಂಗಡಿಸಲಿಕ್ಕೇ ಹತ್ತು ಹುಡುಗರು ಬೇಕು. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಒಬ್ಬ ಅಜ್ಜನಿಗೆ ಬಿ.ಪಿ. ಮಾತ್ರೆ ಇಲ್ಲ, ಹೆಣ್ಣುಮಕ್ಕಳಿಗೆ ಪ್ಯಾಡ್ ಇಲ್ಲ, ಹೊಸ ಒಳಉಡುಪು ಇಲ್ಲ. ಯಾರದೂ ತಪ್ಪಲ್ಲ. ಕೊಡುವವರಿಗೆ ಇಲ್ಲಿ ಏನು ಬೇಕು ಅಂತ ಅಲ್ಲಿ ಕೂತು ಕಾಣುವುದಿಲ್ಲ. ಸೋಮವಾರಪೇಟೆಯಿಂದ ಸೊಮಾಲಿಯಾ ಅಂದರೆ ಇನ್ನೂ ಕಾಣುವುದಿಲ್ಲ. ಅಕ್ಕಿ ಹೋಗಿ ತಲುಪುವ ಖರ್ಚಿನಲ್ಲಿ ಅಲ್ಲೇ ಪಕ್ಕದ ಮಾರುಕಟ್ಟೆಯಲ್ಲಿ ಇನ್ನೂ ಜಾಸ್ತಿ ಧಾನ್ಯ ಕೊಳ್ಳಬಹುದು. ಅಲ್ಲಿ ಚಹಾ ಅಂಗಡಿಯಲ್ಲೂ ಮೊಬೈಲ್‌ನಲ್ಲೇ ದುಡ್ಡು ಕೊಡುತ್ತಾರೆ, ಕುಟುಂಬದ ಮೊಬೈಲ್‌ಗೆ ದುಡ್ಡು ಬಿದ್ದರೆ ತಾಯಿಗೆ ಏನು ಬೇಕೋ ಅವಳೇ ಕೊಳ್ಳುತ್ತಾಳೆ.

ಹಾಲಿನ ಪುಡಿ ಡಬ್ಬ ಮಾತ್ರ ದಯವಿಟ್ಟು ಬೇಡವೇ ಬೇಡ. ಇದನ್ನು ಗಟ್ಟಿ ದನಿಯಲ್ಲೇ ಹೇಳುತ್ತೇನೆ. ಎದೆಹಾಲು ಕುಡಿಯುವ ಮಗುವಿನ ತಾಯಿ ಕೈಗೆ ಡಬ್ಬ ಕೊಟ್ಟರೆ, ಅವಳು ಕೊಳಕು ನೀರಿನಲ್ಲಿ ಕಲಸುತ್ತಾಳೆ, ಬಾಟಲಿ ಕುದಿಸಲು ಸೌದೆ ಇರುವುದಿಲ್ಲ, ಡಬ್ಬ ಬೇಗ ಮುಗಿಯಬಾರದು ಅಂತ ತೆಳ್ಳಗೆ ಮಾಡುತ್ತಾಳೆ. ಅಷ್ಟರಲ್ಲಿ ಎದೆಹಾಲು ಬತ್ತುತ್ತದೆ. ಡಬ್ಬ ಮುಗಿದ ಮೇಲೆ ಆ ಮಗುವಿಗೆ ಎರಡೂ ಇಲ್ಲ. ನಮ್ಮ ದೇಶದಲ್ಲಿ 1992ರಿಂದಲೇ ಶಿಶುಗಳ ಹಾಲಿನ ಪುಡಿಯ ಜಾಹೀರಾತಿಗೆ, ಉಚಿತ ಹಂಚಿಕೆಗೆ ಕಾನೂನಿನ ತಡೆ ಇರುವುದು ಇದೇ ಕಾರಣಕ್ಕೆ. ತಾಯಿಗೆ ಊಟ ಕೊಡಿ, ನೀರು ಕೊಡಿ, ನೆರಳು ಕೊಡಿ, ಹಾಲು ತಾನೇ ಬರುತ್ತೆ.

ದುಡ್ಡು ಸಂಗ್ರಹಿಸಿ. ಪೇಸ್ಟ್‌ನ ಒಂದು ಪೆಟ್ಟಿಗೆಗೆ ಹೆಚ್ಚುಕಡಿಮೆ ನಾಲ್ಕು ಸಾವಿರ ರೂಪಾಯಿ. ನಿಮ್ಮ ಸಂಘದ ಕ್ರಿಕೆಟ್ ಟೂರ್ನಮೆಂಟಿನ ಒಂದು ಟ್ರೋಫಿಯ ಬೆಲೆ. ಕೊಡುವ ಮೊದಲು ಮೂರು ವಿಷಯ ಕೇಳಿ: ಈ ದುಡ್ಡು ಯಾವ ದೇಶದ ಯಾವ ಕೆಲಸಕ್ಕೆ ಹೋಗುತ್ತೆ, ರಸೀದಿ ಯಾರ ಹೆಸರಲ್ಲಿ ಬರುತ್ತೆ, ಹೋದ ವರ್ಷದ ಲೆಕ್ಕಪತ್ರ ಎಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಅಳುವ ಮಗುವಿನ ಫೋಟೊ, ಅದರ ಕೆಳಗಿನ ಕ್ಯೂಆರ್ ಕೋಡ್ ನಂಬಬೇಡಿ. ಸಂಸ್ಥೆಯ ಸ್ವಂತ ವೆಬ್‌ಸೈಟ್‌ಗೆ ನೀವೇ ಹೋಗಿ ನೋಡಿ. 2025ರಲ್ಲಿ ಅಮೆರಿಕ ತನ್ನ ದೊಡ್ಡ ನೆರವು ಸಂಸ್ಥೆ ಯುಎಸ್‌ಎಐಡಿಯನ್ನೇ ಮುಚ್ಚಿತು. ಇಂಥ ಹೊತ್ತಿನಲ್ಲಿ ಚಿಕ್ಕ ಚಿಕ್ಕ ಮೊತ್ತಕ್ಕೂ ಬೆಲೆ ಇದೆ.

ನಮ್ಮ ಕಾಡಂಚಿನ ಆದಿವಾಸಿ ಹಾಡಿಗಳಲ್ಲೇ ಮಕ್ಕಳು ಸೊರಗಿವೆ. ಅದನ್ನು ಬಿಟ್ಟು ಆಫ್ರಿಕಾದ ಚಿಂತೆ ನಿಮಗ್ಯಾಕೆ?
- ಓದುಗರು, ವಿರಾಜಪೇಟೆ

ನಿಮ್ಮ ಸಿಟ್ಟು ನ್ಯಾಯವಾದದ್ದು. ಹಾಡಿಯ ಮಗು ನನ್ನ ಕಣ್ಣಿಗೂ ಬೀಳುತ್ತದೆ, ಕೆಳಗೆ ಸಿದ್ದಾಪುರದ ಪತ್ರಕ್ಕೆ ಉತ್ತರಿಸುವಾಗ ನಮ್ಮ ಊರಿನ ಸೊರಗಿದ ಮಕ್ಕಳ ವಿಷಯಕ್ಕೆ ಬರುತ್ತೇನೆ. ಆದರೆ ಒಂದನ್ನು ನೋಡಿಕೊಳ್ಳಲು ಇನ್ನೊಂದನ್ನು ಬಿಡಬೇಕಾ?

ಬರ ನಮಗೆ ಹೊಸದಲ್ಲ. 1876-78ರ ಧಾತು-ಈಶ್ವರ ಬರ ಮೈಸೂರು ಸೀಮೆಯನ್ನು ಹೇಗೆ ತಿಂದಿತು ಅಂದರೆ, 1871ರ ಗಣತಿಯಲ್ಲಿ 50 ಲಕ್ಷ ಇದ್ದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆಗ ರಿಚರ್ಡ್ ಟೆಂಪಲ್ ಎಂಬ ಬ್ರಿಟಿಷ್ ಅಧಿಕಾರಿ ಖರ್ಚು ಉಳಿಸಲು, ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕು ಅಂದ. ಸುಮಾರು 450 ಗ್ರಾಂ, ಜೊತೆಗೆ ಅಲ್ಪಸ್ವಲ್ಪ ಕಾಸು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಸಾಲದು, ಜನ ಸಾಯುತ್ತಾರೆ ಅಂತ ಬರೆದು ಬರೆದು ಜಗಳವಾಡಿದರು. ಇವತ್ತು ಶಿಬಿರಗಳಲ್ಲಿ ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ, 15 ಲೀಟರ್ ನೀರು ಅಂತ ಅಳತೆ ಇಟ್ಟುಕೊಂಡಿದ್ದೇವಲ್ಲ, ಅದರ ಹಿಂದೆ ನಮ್ಮ ನೆಲದ ಸಾವುಗಳೂ ಇವೆ.

ನಮ್ಮ ನೆಲದಿಂದ ಹೋದ ಒಳ್ಳೆಯದೂ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಬಂದು ನೆಲದ ಮೇಲೆ ಸಾಲಾಗಿ ಮಲಗಿದ್ದರು. ಡ್ರಿಪ್ ಬಾಟ್ಲಿ ಮುಗಿದಿತ್ತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸು, ಅಡಿಗೆ ಸೋಡಾ ಅಳೆದು ಪೊಟ್ಟಣ ಕಟ್ಟಿಸಿ, ಡ್ರಮ್ಮಿನಲ್ಲಿ ನೀರಿಗೆ ಕಲಸಿ, ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಿ ಅಂದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ನಾನು ದೊಲ್ಲೊ ಅದೊದಲ್ಲಿ ಒಆರ್‌ಎಸ್ ಪೊಟ್ಟಣ ಹರಿಯುವಾಗ ಪ್ರತಿ ಸಲ ಅವರನ್ನು ನೆನೆಯುತ್ತಿದ್ದೆ. (ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮೇಲ್ಭಾಗ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಹಾಗೆಯೇ ಸಮ ಮಾಡಿದ ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು. ಕತ್ತರಿಸಿ ಅಡಿಗೆಮನೆಯಲ್ಲಿ ಅಂಟಿಸಿಕೊಳ್ಳಿ.)

ಹಾಡಿಯಲ್ಲಿ ಕಲಿತದ್ದು ಅಲ್ಲಿಗೆ, ಅಲ್ಲಿ ಕಲಿತದ್ದು ಹಾಡಿಗೆ. ನನಗೆ ಇವೆರಡೂ ಬೇರೆ ಬೇರೆ ಅನ್ನಿಸಿಯೇ ಇಲ್ಲ.

ಬಿ.ಎಸ್‌ಸಿ. ನರ್ಸಿಂಗ್ ಕೊನೆ ವರ್ಷ ಓದುತ್ತಿದ್ದೇನೆ. ಇಂಥ ಕೆಲಸಕ್ಕೆ ಹೋಗಬೇಕು ಅಂತ ಆಸೆ. ಮನೆಯಲ್ಲಿ ಹೆದರುತ್ತಾರೆ.
- ವಿದ್ಯಾರ್ಥಿನಿ, ಮಡಿಕೇರಿ

ಮಗಳೇ, ಮೊದಲು ಎರಡು ವರ್ಷ ಇಲ್ಲೇ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡು. ಅನುಭವ ಇಲ್ಲದವರನ್ನು ಒಳ್ಳೆಯ ಸಂಸ್ಥೆಗಳು ಕರೆಯುವುದಿಲ್ಲ, ಕರೆದರೆ ಅನುಮಾನ ಪಡಬೇಕು. ಇಂಗ್ಲಿಷ್ ಚೆನ್ನಾಗಿ ಮಾತಾಡಲು ಕಲಿ, ಆಫ್ರಿಕಾದ ಎಷ್ಟೋ ದೇಶಗಳಿಗೆ ಫ್ರೆಂಚ್ ಬೇಕು. ಹೋಗುವವರಿಂದ ದುಡ್ಡು ಕೇಳುವ ಸಂಸ್ಥೆಯ ಹತ್ತಿರವೂ ಹೋಗಬೇಡ. ಮನೆಯವರ ಹೆದರಿಕೆ ಸುಮ್ನೆ ಅಲ್ಲ, ಅಲ್ಲಿ ಅಪಾಯ ಇದೆ, ಅದನ್ನು ಮುಚ್ಚಿಡದೆ ಅವರ ಹತ್ತಿರ ಕೂತು ಮಾತಾಡು. ಅಪ್ಪ-ಅಮ್ಮನನ್ನು ಒಂದು ದಿನ ನನ್ನ ಹತ್ತಿರ ಕರೆದುಕೊಂಡು ಬಾ ಬೇಕಾದರೆ.

ನಾನು ಅಂಗನವಾಡಿ ಕಾರ್ಯಕರ್ತೆ. ನಮಗೂ ತೋಳು ಅಳೆಯುವ ಬಣ್ಣದ ಟೇಪ್ ಕೊಟ್ಟಿದ್ದಾರೆ. ತೂಕ ನೋಡುತ್ತೇವಲ್ಲ, ಮತ್ತೆ ಇದು ಯಾಕೆ? ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಹೊರಗಿನಿಂದ ಕೆಲಸಕ್ಕೆ ಬಂದವರ ಮಕ್ಕಳು ತುಂಬಾ ಇದ್ದಾರೆ, ಅಂಗನವಾಡಿಗೆ ಬರೋದಿಲ್ಲ. ಏನು ಮಾಡಲಿ?
- ಅಂಗನವಾಡಿ ಕಾರ್ಯಕರ್ತೆ, ಸಿದ್ದಾಪುರ

ಅಕ್ಕಾ, ನಿಮ್ಮ ಪತ್ರಕ್ಕೇ ಈ ತಿಂಗಳು ಕಾಯುತ್ತಿದ್ದೆ ಅನ್ನಿಸಿತು.

ಸೊಮಾಲಿಯಾದಲ್ಲಿ ಮಕ್ಕಳನ್ನು ಉಳಿಸುವ ಮೊದಲ ಸಾಧನ ನಿಮ್ಮ ಕೈಯಲ್ಲಿರುವ ಅದೇ ಟೇಪ್. ಆರು ತಿಂಗಳಿಂದ ಐದು ವರ್ಷದ ಮಗುವಿಗೆ. ಎಡ ತೋಳು, ಭುಜದ ತುದಿ ಮತ್ತು ಮೊಣಕೈ ನಡುವಿನ ಮಧ್ಯಭಾಗ, ತೋಳು ಸಡಿಲವಾಗಿ ಕೆಳಗೆ ಬಿಟ್ಟಿರಬೇಕು. ಟೇಪ್ ಬಿಗಿಯಬಾರದು, ಜೋಲಬಾರದು. 12.5 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಹಸಿರು. 11.5ರಿಂದ 12.5 ಹಳದಿ. 11.5ಕ್ಕಿಂತ ಕಡಿಮೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ನಿಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಸುತ್ತು ಮಾಡಿ ನೋಡಿ, ಹೆಚ್ಚುಕಡಿಮೆ ಅಷ್ಟೇ ದಪ್ಪದ ತೋಳು. ಐದು ವರ್ಷದೊಳಗೆ ಈ ಸುತ್ತಳತೆ ವಯಸ್ಸಿನ ಜೊತೆ ಅಷ್ಟಾಗಿ ಬದಲಾಗುವುದಿಲ್ಲ, ಹಾಗಾಗಿ ಮಗುವಿನ ಹುಟ್ಟಿದ ದಿನ ಗೊತ್ತಿಲ್ಲದಿದ್ದರೂ ಕೆಲಸ ನಡೆಯುತ್ತೆ. ತಕ್ಕಡಿ ಹೊರಬೇಕಾಗಿಲ್ಲ. ಜೇಬಿನಲ್ಲಿಟ್ಟುಕೊಂಡು ಲೈನ್ ಮನೆಗೇ ಹೋಗಬಹುದು.

ಟೇಪ್ ಒಂದೇ ಸಾಲದು, ಪಾದವನ್ನೂ ಒತ್ತಿ ನೋಡಿ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಶಿಬಿರಕ್ಕೆ ಹೋದ ಮೊದಲ ವಾರ, ಉದ್ದದ ಸಾಲು, ತೀರಾ ಬಡಕಲಾದವರನ್ನು ಮುಂದಕ್ಕೆ ಕರೆಯುತ್ತಿದ್ದೆ. ಒಬ್ಬ ತಾಯಿಯ ತೋಳಲ್ಲಿ ಕೆನ್ನೆ ತುಂಬಿಕೊಂಡ ಗಂಡುಮಗು ಇತ್ತು. ಇವನು ಪರವಾಗಿಲ್ಲ ಅಂತ ಹಿಂದೆ ಬಿಟ್ಟೆ. ಆಮೇಲೆ ಸ್ಥಳೀಯ ಆರೋಗ್ಯ ಕಾರ್ಯಕರ್ತೆ, ನಿಮ್ಮ ಹಾಗೆಯೇ ಊರಿನ ಹೆಣ್ಣುಮಗಳು, ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ಆ ಮಗುವಿನ ಎರಡೂ ಪಾದದ ಮೇಲೆ ಹೆಬ್ಬೆರಳಿಟ್ಟು ಒಂದು, ಎರಡು, ಮೂರು ಎಣಿಸಿ ಬಿಟ್ಟಳು. ಬೆರಳಿನ ಗುಳಿ ಹಾಗೆಯೇ ನಿಂತಿತು, ಹಸಿ ಹಿಟ್ಟಿನ ಮೇಲೆ ಒತ್ತಿದ ಹಾಗೆ. ಕೆನ್ನೆ ತುಂಬಿದ್ದದ್ದು ಮಾಂಸದಿಂದಲ್ಲ, ನೀರಿನಿಂದ. ಸಾಲಿನಲ್ಲಿದ್ದ ಎಲ್ಲರಿಗಿಂತ ಅಪಾಯ ಇದ್ದದ್ದು ಅವನಿಗೇ. ಆ ಸಂಜೆಯೇ ದಾಖಲು ಮಾಡಿಕೊಂಡೆವು, ಮೂರು ವಾರಕ್ಕೆ ಮನೆಗೆ ಹೋದ. ಆದರೆ ಬಿಸಿಲಲ್ಲಿ ಕಾಯಿಸಿದ ಆ ಎರಡು ಗಂಟೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಇನ್ನು ಲೈನ್ ಮನೆ ಮಕ್ಕಳು. ನವೆಂಬರಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಬೆಳಗ್ಗೆ ಅಮ್ಮ ತೋಟಕ್ಕೆ ಹೋದರೆ ಏಳೆಂಟು ವರ್ಷದ ಅಕ್ಕನ ಸೊಂಟದಲ್ಲಿ ಚಿಕ್ಕದು, ಒಂದು ಬಿಸ್ಕತ್ ಪ್ಯಾಕೆಟ್ಟು, ಹಾಲಿಲ್ಲದ ಕಟ್ಟಂಚಾಯ. ಅಸ್ಸಾಂ, ಬಂಗಾಳದಿಂದ ಬಂದವರಿಗೆ ನಮ್ಮ ಭಾಷೆ ಬರುವುದಿಲ್ಲ, ಇವತ್ತು ಈ ತೋಟ, ನಾಳೆ ಇನ್ನೊಂದು. ಅವರ ಮಕ್ಕಳ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ದಡಾರ ಲಸಿಕೆಯೂ ಎಷ್ಟೋ ಮಕ್ಕಳಿಗೆ ತಪ್ಪಿರುತ್ತದೆ. ಬತ್ತಿದ ಮಗುವಿಗೆ ದಡಾರ ಬಂದರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಬರದ ಶಿಬಿರದಲ್ಲಿ ಮಕ್ಕಳನ್ನು ಕೊಲ್ಲುವುದು ಬಹುಪಾಲು ದಡಾರ, ಭೇದಿ, ನ್ಯುಮೋನಿಯಾ. ಹಸಿವು ಅವಕ್ಕೆ ಬಾಗಿಲು ತೆಗೆದುಕೊಡುತ್ತದೆ. ಹಾಗಾಗಿ ಟೇಪ್ ಹಿಡಿದು ಹೋದಾಗ ಲಸಿಕೆ ಕಾರ್ಡನ್ನೂ ಕೇಳಿ. ಭೇದಿ ಆಗುತ್ತಿದ್ದರೆ ಒಆರ್‌ಎಸ್ ಜೊತೆ ಸತುವಿನ ಮಾತ್ರೆ, ಹದಿನಾಲ್ಕು ದಿನ, ಭೇದಿ ನಿಂತರೂ ನಿಲ್ಲಿಸಬಾರದು.

ಅವರು ಬರುವುದಿಲ್ಲ ಅಂದಿರಲ್ಲ, ನಾವೇ ಹೋಗೋಣ. ತೋಟದಲ್ಲಿ ವಾರದ ಬಟವಾಡೆ ಯಾವ ದಿನ ಅಂತ ಲೆಕ್ಕ ಬರೆಯುವ ರೈಟರ ಹತ್ತಿರ ಕೇಳಿಟ್ಟುಕೊಳ್ಳಿ. ಆ ಸಂಜೆ ತಾಯಂದಿರೆಲ್ಲ ಮನೆಯಲ್ಲೇ ಇರುತ್ತಾರೆ. ಆಶಾ ಕಾರ್ಯಕರ್ತೆಯನ್ನೂ ಜೊತೆಗೆ ಕರೆದುಕೊಳ್ಳಿ. ಟೇಪನ್ನು ತಾಯಿಯ ಕೈಗೇ ಕೊಟ್ಟು ಅಳೆಯಲು ಕಲಿಸಿ. ಭಾಷೆ ಬೇಡ, ಬಣ್ಣ ಸಾಕು, ಆಫ್ರಿಕಾದ ಎಷ್ಟೋ ಕಡೆ ಈಗ ತಾಯಂದಿರೇ ಅಳೆಯುತ್ತಾರೆ. ಕೆಂಪು ಬಂದರೆ, ಇಲ್ಲವೇ ಪಾದದಲ್ಲಿ ಗುಳಿ ನಿಂತರೆ, ನಾಳೆ ನೋಡೋಣ ಅನ್ನಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕು. ಹದಿನಾಲ್ಕು ದಿನ ತಾಯಿ-ಮಗು ಅಲ್ಲಿರಬೇಕಾಗುತ್ತೆ, ಕೂಲಿ ಹೋಗುತ್ತೆ ಅಂತ ತಾಯಿ ಹಿಂಜರಿಯುತ್ತಾಳೆ. ಅಲ್ಲಿರುವ ದಿನಗಳಿಗೆ ಅವಳಿಗೂ ಭತ್ಯೆ ಇದೆ, ಅದನ್ನು ಮೊದಲೇ ಹೇಳಿ. ತೋಟದ ಮಾಲೀಕರ ಹತ್ತಿರ ಮಾತಾಡಬೇಕು ಅನ್ನಿಸಿದರೆ ನಾನು ಬರುತ್ತೇನೆ. ಪತ್ರಿಕೆಯ ಕಚೇರಿಗೆ ನಿಮ್ಮ ನಂಬರ್ ಕೊಟ್ಟಿರಿ, ಮುಂದಿನ ಬಟವಾಡೆ ಸಂಜೆಗೆ ಇಬ್ಬರೂ ಹೋಗೋಣ.